ಗಾಡಿ ಮುಂದೆನೇ ಹೋಗದ ಊರಲ್ಲಿ ಇಷ್ಟು ಜನ ಹೇಗೆ ಸಾಯ್ತಾರೆ?

ಪ್ರಶ್ನೆ: ಸರ್, ನಮ್ಮನೆ ಬೆಂಗಳೂರಿನ ಉಲ್ಲಾಳದ ಹತ್ರ. ಮಗ ಬೆಳ್ಳಂದೂರಲ್ಲಿ ಕೆಲಸ, ಮಧ್ಯಾಹ್ನದ ಶಿಫ್ಟು, ರಾತ್ರಿ 11ಕ್ಕೆ ಬಿಡ್ತಾರೆ. ಬೈಕಲ್ಲಿ ರಿಂಗ್ ರೋಡಲ್ಲೇ ಓಡಾಡ್ತಾನೆ. ಹೋಗೋವಾಗ ಒಂದೂಮುಕ್ಕಾಲು ಗಂಟೆ ಆಗುತ್ತೆ, ಬರೋವಾಗ ಮುಕ್ಕಾಲು ಗಂಟೆಗೆ ಬಂದುಬಿಡ್ತಾನೆ. ಅವನು ಬರೋವರೆಗೂ ನಂಗೆ ನಿದ್ದೆ ಬರಲ್ಲ, ಮಧ್ಯೆ ಒಂದೆರಡು ಸಲ ಫೋನ್ ಮಾಡಿ ಎಲ್ಲಿದ್ದೀಯ ಅಂತ ಕೇಳ್ತಿರ್ತೀನಿ. ಬೆಂಗಳೂರಲ್ಲಿ ವರ್ಷಕ್ಕೆ 900 ಜನ ಆಕ್ಸಿಡೆಂಟಲ್ಲಿ ಹೋಗ್ತಾರೆ ಅಂತ ಟಿವೀಲಿ ಹೇಳಿದ್ರು. ನಂಗೆ ಅರ್ಥ ಆಗದೇ ಇರೋದು ಏನಂದ್ರೆ, ಈ ಊರಲ್ಲಿ ಗಾಡಿ ಮುಂದೆನೇ ಹೋಗಲ್ವಲ್ಲ, ಇಷ್ಟು ಜನ ಹೇಗೆ ಸಾಯ್ತಾರೆ? ಆಕ್ಸಿಡೆಂಟ್ ಜಾಸ್ತಿ ಆಗ್ತಿದ್ಯಾ ಕಮ್ಮಿ ಆಗ್ತಿದ್ಯಾ? ಮಗ ಹೆಲ್ಮೆಟ್ ಹಾಕ್ತಾನೆ, ಅಷ್ಟು ಸಾಕಾ?

ಉತ್ತರ: ಅಮ್ಮಾ, ನಿಮ್ಮ ಪ್ರಶ್ನೆಗೆ ಉತ್ತರ ನಿಮ್ಮ ಪ್ರಶ್ನೇಲೇ ಇದೆ. ಹೋಗೋವಾಗ ಒಂದೂಮುಕ್ಕಾಲು ಗಂಟೆ, ಬರೋವಾಗ ಮುಕ್ಕಾಲು ಗಂಟೆ ಅಂದ್ರಲ್ಲ, ಅಲ್ಲೇ ಇರೋದು. ಬೆಳ್ಳಂದೂರಿಂದ ಸಿಲ್ಕ್ ಬೋರ್ಡ್, ಬನಶಂಕರಿ, ನಾಯಂಡಹಳ್ಳಿ ಮೇಲೆ ನಿಮ್ಮನೆಗೆ ಹತ್ತಿರ ಹತ್ತಿರ 27 ಕಿಲೋಮೀಟರ್ ಅಂತ ಇಟ್ಕೊಳ್ಳಿ. ಹೋಗೋವಾಗ ಸರಾಸರಿ ಗಂಟೆಗೆ 15-16 ಕಿಮೀ ಸ್ಪೀಡು, ಒಂಥರಾ ಸೈಕಲ್ ಲೆಕ್ಕ. ಬರೋವಾಗ ಸರಾಸರಿ 36. ಆದ್ರೆ ಸರಾಸರಿ ಅನ್ನೋದು ದೊಡ್ಡ ಮೋಸಗಾರ, ಸಿಗ್ನಲ್‌ಗಳಲ್ಲಿ ನಿಂತಿದ್ದು, ಹಂಪ್‌ಗಳಲ್ಲಿ ನಿಧಾನ ಮಾಡಿದ್ದು ಎಲ್ಲಾ ಸೇರಿ 36 ಬರ್ಬೇಕು ಅಂದ್ರೆ ಖಾಲಿ ಸಿಕ್ಕಿದ ಕಡೆ ಹುಡುಗ 60-70ರಲ್ಲಿ ಇರ್ತಾನೆ ಅಂತ ಅರ್ಥ. ಅವನನ್ನ ಬೈಬೇಡಿ, ಆ ರೋಡಲ್ಲಿ ಆ ಹೊತ್ತಲ್ಲಿ ಎಲ್ಲರೂ ಹಂಗೇ ಹೋಗೋದು. ನಾನೂ ಹಂಗೇ ಹೋಗಿದೀನಿ, ರಸ್ತೆ ಸುರಕ್ಷತೆ ಅಂತ ಇಷ್ಟು ವರ್ಷ ಕೆಲಸ ಮಾಡಿದೋನು.

ಜಾಮ್ ಅನ್ನೋದು ಕಿರಿಕಿರಿ, ಪೆಟ್ರೋಲ್ ದಂಡ, ಬಿಪಿ ಏರುತ್ತೆ, ಎಲ್ಲಾ ನಿಜ. ಆದ್ರೆ ಜಾಮಲ್ಲಿ ಜನ ಸಾಯೋದು ಕಮ್ಮಿ. 2024ರಲ್ಲಿ ಬೆಂಗಳೂರಲ್ಲಿ 10 ಕಿಲೋಮೀಟರ್ ಹೋಗೋಕೆ ಸರಾಸರಿ 34 ನಿಮಿಷ ಬೇಕು ಅಂತ ಟಾಮ್‌ಟಾಮ್ ಅನ್ನೋ ಮ್ಯಾಪ್ ಕಂಪನಿ ಲೆಕ್ಕ ಹಾಕ್ತು, ಅಂದ್ರೆ ಗಂಟೆಗೆ 20ಕ್ಕೂ ಕಮ್ಮಿ. ಆ ವೇಗದಲ್ಲಿ ಗುದ್ದಿದ್ರೆ ಬಂಪರ್ ಹೋಗುತ್ತೆ, ಮಿರರ್ ಹೋಗುತ್ತೆ, ಬಾಯಿಗೆ ಬಂದಿದ್ದು ಬೈದಾಡ್ಕೋತಾರೆ, ಅಷ್ಟೇ. ಅದೇ ರೋಡು ರಾತ್ರಿ ಖಾಲಿ ಆದಾಗ 60 ಆಗುತ್ತೆ. ವೇಗ ಮೂರು ಪಟ್ಟು ಆದ್ರೆ ಗುದ್ದುವ ಶಕ್ತಿ ಮೂರು ಪಟ್ಟಲ್ಲ, ಒಂಬತ್ತು ಪಟ್ಟು. ಇದು ಹೈಸ್ಕೂಲ್ ಫಿಸಿಕ್ಸು, ನಮ್ಮ ಊರಿನ ಆಕ್ಸಿಡೆಂಟ್ ಕಥೆ ಪೂರ್ತಿ ಇದರಲ್ಲೇ ಇದೆ ಅಂದ್ರೂ ತಪ್ಪಿಲ್ಲ.

ಈಗ ಲೆಕ್ಕಕ್ಕೆ ಬರೋಣ. ಜಾಸ್ತಿ ಆಗ್ತಿದ್ಯಾ ಕಮ್ಮಿ ಆಗ್ತಿದ್ಯಾ ಅಂದ್ರಿ. ಎರಡೂ ಆಗ್ತಿದೆ. ಟ್ರಾಫಿಕ್ ಪೊಲೀಸರ ಲೆಕ್ಕದಲ್ಲಿ 2007ರಲ್ಲಿ ಬೆಂಗಳೂರಲ್ಲಿ 8,400ಕ್ಕೂ ಮೇಲೆ ಆಕ್ಸಿಡೆಂಟ್ ಆಗಿ 980ರ ಆಸುಪಾಸು ಜನ ಸತ್ತಿದ್ರು. ಆಮೇಲೆ ಸಾವು ಮೆಲ್ಲಮೆಲ್ಲಗೆ ಇಳೀತಾ ಬಂತು, ಮಧ್ಯೆ ಮಧ್ಯೆ ಏರಿದ್ರೂ 2020, 2021ರ ಹೊತ್ತಿಗೆ 650ರ ಹತ್ರ ಬಂದಿತ್ತು. ಅಲ್ಲಿಂದ ಮತ್ತೆ ಹತ್ತೋಕೆ ಶುರು, 2022ರಲ್ಲಿ 770ರ ಹತ್ರ, 2023ರಲ್ಲಿ 900 ದಾಟ್ತು, 2024ರಲ್ಲಿ 890ರ ಆಸುಪಾಸು. ಆದ್ರೆ 2024ರ ಒಟ್ಟು ಆಕ್ಸಿಡೆಂಟ್ ಎಷ್ಟು ಗೊತ್ತಾ, 4,800ರ ಒಳಗೆ. ಅಂದ್ರೆ 2007ಕ್ಕೆ ಹೋಲಿಸಿದ್ರೆ ಆಕ್ಸಿಡೆಂಟ್ ಹೆಚ್ಚುಕಮ್ಮಿ ಅರ್ಧ ಆಗಿದೆ, ಸಾವು ಮಾತ್ರ ಬರೀ ಹತ್ತನೇ ಒಂದು ಪಾಲು ಇಳಿದಿದೆ. ಆಗ 100 ಆಕ್ಸಿಡೆಂಟಿಗೆ 11-12 ಜನ ಹೋಗ್ತಿದ್ರು, ಈಗ 18-19.

ಇದನ್ನ ನೋಡಿ ಆಕ್ಸಿಡೆಂಟ್ ಅರ್ಧ ಆಯ್ತಲ್ಲ ಅಂತ ಖುಷಿ ಪಡೋರು ಇದಾರೆ, ನಾನು ಪಡಲ್ಲ. ಸಣ್ಣಪುಟ್ಟದ್ದನ್ನ ಈಗ ಯಾರು ಸ್ಟೇಷನ್‌ಗೆ ತಗೊಂಡೋಗ್ತಾರೆ ಹೇಳಿ? ಅಲ್ಲೇ ರೋಡಲ್ಲೇ ಎರಡು ಸಾವಿರ ಕೊಟ್ಟು ಕಾಂಪ್ರೊಮೈಸ್ ಮಾಡ್ಕೊಂಡು ಹೋಗ್ತಾರೆ, ಕಾರಿಂದಾದ್ರೆ ಫೋಟೋ ತೆಗೆದು ಇನ್ಶೂರೆನ್ಸ್ ಕ್ಲೇಮ್ ಹಾಕ್ತಾರೆ. ಕೈಕಾಲು ಮುರಿದ್ರೂ ಎಷ್ಟೋ ಜನ ಕೇಸ್ ಬೇಡ ಅಂತ ಬಿಡ್ತಾರೆ. ಹೆಣ ಬಿದ್ದಾಗ ಮಾತ್ರ ಬಿಡೋಕಾಗಲ್ಲ, ಪೋಸ್ಟ್‌ಮಾರ್ಟಂ ಆಗ್ಬೇಕು, ಎಫ್‌ಐಆರ್ ಆಗ್ಲೇಬೇಕು. ಅದಕ್ಕೇ ನಾವು ಈ ಕೆಲಸದೋರು ಆಕ್ಸಿಡೆಂಟ್ ಸಂಖ್ಯೆ ನೋಡೋದು ಕಮ್ಮಿ, ಸಾವಿನ ಸಂಖ್ಯೆ ಒಂದನ್ನೇ ನಂಬೋದು. ಇನ್ನೊಂದು ವಿಷಯ, ಈ 900 ಬರೀ ಬೆಂಗಳೂರು ಸಿಟಿ ಪೊಲೀಸ್ ವ್ಯಾಪ್ತೀದು. ನೆಲಮಂಗಲ, ಹೊಸಕೋಟೆ ಕಡೆ ಹೈವೇಲಿ ಸತ್ತೋರು ಬೆಂಗಳೂರು ಗ್ರಾಮಾಂತರದ ಲೆಕ್ಕಕ್ಕೆ ಹೋಗ್ತಾರೆ, ಅವರಲ್ಲಿ ಎಷ್ಟು ಜನ ನಮ್ಮ ಊರಿನೋರೇ ಅಂತ ಯೋಚನೆ ಮಾಡಿ. ನ್ಯಾಯವಾಗಿ ಇನ್ನೊಂದು ಮಾತೂ ಹೇಳ್ಬೇಕು, 2007ರಿಂದ ಈಚೆಗೆ ಊರಲ್ಲಿ ಗಾಡಿಗಳ ಸಂಖ್ಯೆ ಮೂರು ಪಟ್ಟಿಗೂ ಜಾಸ್ತಿ ಆಗಿ 1 ಕೋಟಿ ದಾಟಿದೆ, ಆ ಲೆಕ್ಕಕ್ಕೆ ಗಾಡಿಗಿಷ್ಟು ಸಾವು ಅಂತ ನೋಡಿದ್ರೆ ತುಂಬಾ ಇಳಿದಿದೆ. ಆದ್ರೆ ಗಾಡಿಗಳು ಜಾಸ್ತಿ ಆಗಿದ್ದಕ್ಕೇ ಜಾಮ್ ಆಗಿದ್ದು, ಜಾಮ್ ಆಗಿದ್ದಕ್ಕೇ ವೇಗ ಇಳಿದಿದ್ದು, ಆ ಇಳಿಕೇಲಿ ನಮ್ಮ ಸಾಧನೆ ಎಷ್ಟು, ಜಾಮ್‌ಗೇ ಹೆಸರಾದ ಸಿಲ್ಕ್ ಬೋರ್ಡ್ ಜಂಕ್ಷನ್ ಸಾಧನೆ ಎಷ್ಟು ಅಂತ ಕೇಳಿದ್ರೆ ನಾನು ಸಿಲ್ಕ್ ಬೋರ್ಡ್‌ಗೇ ಜಾಸ್ತಿ ಮಾರ್ಕ್ಸ್ ಕೊಡ್ತೀನಿ.

ತಮಾಷೆಗೆ ಹೇಳ್ತಿಲ್ಲ. 2020ರ ಲಾಕ್‌ಡೌನ್ ನೆನಪಿದೆಯಲ್ಲ, ತಿಂಗಳುಗಟ್ಟಲೆ ರೋಡಲ್ಲಿ ಗಾಡಿನೇ ಇರ್ಲಿಲ್ಲ, ಆಫೀಸ್ ಇಲ್ಲ ಸ್ಕೂಲ್ ಇಲ್ಲ. ಸಾವು ಅರ್ಧಕ್ಕರ್ಧ ಇಳೀಬೇಕಿತ್ತು ಅಲ್ವಾ? 2019ರಲ್ಲಿ 770ರ ಹತ್ರ ಇದ್ದಿದ್ದು 2020ರಲ್ಲಿ 650 ಚಿಲ್ಲರೆ ಆಯ್ತು, ಅಂದ್ರೆ ನೂರಕ್ಕೆ ಹದಿನೈದರಷ್ಟು ಮಾತ್ರ ಇಳೀತು. ಗಾಡಿ ಕಮ್ಮಿ ಆಯ್ತು, ಇದ್ದ ಗಾಡಿಗಳು ಖಾಲಿ ರೋಡಲ್ಲಿ ಹಾರಾಡಿದ್ವು.

ಹಂಗಾದ್ರೆ ಸಾಯೋದು ಯಾರು? ಹತ್ತರಲ್ಲಿ ಎಂಟು-ಒಂಬತ್ತು ಜನ ಒಂದೋ ಟೂವೀಲರ್‌ನಲ್ಲಿ ಇದ್ದೋರು, ಇಲ್ಲಾ ನಡ್ಕೊಂಡು ಹೋಗ್ತಿದ್ದೋರು. ಕಾರಲ್ಲಿ ಕೂತೋರು ಸಾಯೋದು ಕಮ್ಮಿ, ಸುತ್ತ ಒಂದು ತಗಡಿನ ಪೆಟ್ಟಿಗೆ ಇದೆ, ಬೆಲ್ಟ್ ಇದೆ, ಏರ್‌ಬ್ಯಾಗ್ ಇದೆ. ಆದ್ರೆ ರೋಡ್ ಡಿಸೈನ್ ಮಾಡೋದು, ಫ್ಲೈಓವರ್ ಕಟ್ಟೋದು, ಪೇಪರಲ್ಲಿ ಟ್ರಾಫಿಕ್ ಬಗ್ಗೆ ಬರೆಯೋದು ಎಲ್ಲಾ ಕಾರಲ್ಲಿ ಕೂತೋರು. ಈ ಊರಲ್ಲಿ ಟ್ರಾಫಿಕ್ ಪ್ರಾಬ್ಲಂ ಅಂದ್ರೆ ಲೇಟಾಗೋದು, ಸಾಯೋದಲ್ಲ.

ನಡ್ಕೊಂಡು ಹೋಗೋರ ವಿಷಯ ಬಂದಿದ್ದಕ್ಕೆ ಸ್ವಲ್ಪ ಹೇಳ್ತೀನಿ, ನೀವೂ ನಡೆದು ಮಾರ್ಕೆಟ್ಟಿಗೆ ಹೋಗೋರೇ ಇರ್ಬೇಕು. ಫುಟ್‌ಪಾತ್ 1.8 ಮೀಟರ್ ಆದ್ರೂ ಅಡ್ಡಿ ಇಲ್ದೆ ಅಗಲ ಇರ್ಬೇಕು, ರೋಡಿಂದ 15 ಸೆಂಟಿಮೀಟರ್‌ಗಿಂತ ಎತ್ತರ ಇರ್ಬಾರ್ದು ಅಂತ ರೋಡಿನ ಮಾನದಂಡ ಬರೆಯೋ ಇಂಡಿಯನ್ ರೋಡ್ಸ್ ಕಾಂಗ್ರೆಸ್ ಅನ್ನೋ ಸಂಸ್ಥೆಯ ಕೋಡ್ ಹೇಳುತ್ತೆ. ನಮ್ಮಲ್ಲಿ ಮಂಡಿ ಎತ್ತರದ ಫುಟ್‌ಪಾತು, ಅದರ ಮೇಲೆ ಟ್ರಾನ್ಸ್‌ಫಾರ್ಮರು, ಅದರ ಪಕ್ಕ ಎಳನೀರು ಗಾಡಿ, ಮುಂದೆ ಕಿತ್ತೋಗಿರೋ ಚಪ್ಪಡಿ ಕಲ್ಲು. ಮಂಡಿನೋವಿರೋ ಯಾವ ಅಜ್ಜಿ ಅದನ್ನ ಹತ್ತಿ ಇಳೀತಾರೆ, ಅದಕ್ಕೇ ರೋಡಲ್ಲೇ ನಡೀತಾರೆ. ರೋಡ್ ದಾಟೋಕೆ ಸ್ಕೈವಾಕ್ ಕಟ್ಟಿದೀವಿ ಅಂತಾರೆ, ಅದರ ಮೇಲೆ ದೊಡ್ಡ ಜಾಹೀರಾತು ಇರುತ್ತೆ, ಲಿಫ್ಟ್ ಕೆಟ್ಟಿರುತ್ತೆ. ನನ್ನ ಕೇಳಿದ್ರೆ ಸ್ಕೈವಾಕ್ ಪಾದಚಾರಿಗೆ ಕಟ್ಟಿದ್ದಲ್ಲ, ಪಾದಚಾರೀನ ಕಾರಿನ ದಾರಿಯಿಂದ ಎತ್ತಿ ಪಕ್ಕಕ್ಕಿಡೋಕೆ ಕಟ್ಟಿದ್ದು. ನೆಲದ ಮೇಲೇ ಒಂದು ಸಿಗ್ನಲ್ ಕೊಟ್ಟು 20 ಸೆಕೆಂಡ್ ಗಾಡಿ ನಿಲ್ಲಿಸಿದ್ರೆ ಆಗೋ ಕೆಲಸ ಅದು. ಸಿಟಿ ಮಧ್ಯೆ ರೆಸಿಡೆನ್ಸಿ ರೋಡು, ವಿಠಲ್ ಮಲ್ಯ ರೋಡು ಇವೆಲ್ಲಾ ಟೆಂಡರ್‌ಶ್ಯೂರ್ ಅಂತ, ಅಗಲವಾದ ಫುಟ್‌ಪಾತ್ ಇಟ್ಟು ರೋಡನ್ನ ಹೊಸದಾಗಿ ಕಟ್ಟೋ ಯೋಜನೇಲಿ ಮಾಡಿದ್ರಲ್ಲ, ಅಲ್ಲಿ ನಡೆದು ನೋಡಿ, ಅದೇ ಬೆಂಗಳೂರಾ ಅನ್ಸುತ್ತೆ. ಅಂದ್ರೆ ನಮಗೆ ಮಾಡೋಕೆ ಬರಲ್ಲ ಅಂತಲ್ಲ.

ನಿಮ್ಮ ಮಗನ ವಿಷಯಕ್ಕೆ ವಾಪಸ್ ಬರ್ತೀನಿ. ರಾತ್ರಿ ರಿಂಗ್ ರೋಡಲ್ಲಿ ಏನಾಗುತ್ತೆ ಅಂದ್ರೆ, ಹಗಲು ಟ್ರಾಫಿಕ್ ಜಾಸ್ತಿ ಇರೋ ಹೊತ್ತಲ್ಲಿ ಒಳಗೆ ಬಿಡದೇ ಇರೋ ಲಾರಿಗಳು ಆ ಹೊತ್ತಿಗೆ ಬರ್ತವೆ, ಕಸದ ಲಾರಿ, ಜಲ್ಲಿ ಟಿಪ್ಪರ್, ಕಾಂಕ್ರೀಟ್ ಮಿಕ್ಸರ್. ಕೆಲವು ಪಂಕ್ಚರ್ ಆಗಿಯೋ ಡ್ರೈವರ್ ಮಲಗೋಕೋ ಪಕ್ಕಕ್ಕೆ ನಿಂತಿರ್ತವೆ, ಹಿಂದೆ ಲೈಟ್ ಇಲ್ಲ, ರಿಫ್ಲೆಕ್ಟರ್ ಮೇಲೆ ಧೂಳು ಕೂತಿರುತ್ತೆ. ಕೆಲವು ಸಿಗ್ನಲ್‌ಗಳು ಬರೀ ಹಳದಿ ಮಿಣುಕ್ತಿರ್ತವೆ, ಎರಡೂ ಕಡೆಯೋರು ನನಗೇ ದಾರಿ ಅಂದ್ಕೋತಾರೆ. ಕುಡಿದು ಬರೋರೂ ಅದೇ ಹೊತ್ತಿಗೆ. ಒಂದು ಸಲ ಕೆಲಸದ ಮೇಲೆ ರಾತ್ರಿ ಒಂದು ಗಂಟೆಗೆ ರಿಂಗ್ ರೋಡ್ ಪಕ್ಕ ಒಂದು ಬಸ್ ಸ್ಟಾಪಲ್ಲಿ ಕೂತಿದ್ದೆ, ಟೀ ಮಾರೋ ಸೈಕಲ್ ಹುಡುಗ ಬಂದು "ಸಾರ್, ಆ ಕಟ್ಟೆ ಮೇಲೆ ಕೂರ್ಬೇಡಿ, ಈ ಕಡೆ ಬನ್ನಿ" ಅಂದ. ಯಾಕಪ್ಪಾ ಅಂದ್ರೆ "ಗಾಡಿ ಬರುತ್ತೆ ಸಾರ್, ಹೋದ ತಿಂಗಳು ಬಂದಿತ್ತು" ಅಂದ. ನಮ್ಮ ರಸ್ತೆ ಸುರಕ್ಷತೆ ಆಡಿಟ್ ರಿಪೋರ್ಟಲ್ಲಿ ಬರೆಯೋದನ್ನ ಅವನು ಎರಡು ಮಾತಲ್ಲಿ ಹೇಳಿದ್ದ.

ಒಂದು ಲೆಕ್ಕ ಮಗನಿಗೆ ತೋರಿಸಿ. ಒಳ್ಳೆ ಒಣ ರೋಡು, ಒಳ್ಳೆ ಬ್ರೇಕು, ಎದುರಿಗೆ ಏನೋ ಕಂಡಿದ್ದು ತಲೆಗೆ ಹೋಗಿ ಕೈ ಬ್ರೇಕ್ ಹಿಡಿಯೋಕೆ ಒಂದು ಸೆಕೆಂಡು. 40ರಲ್ಲಿ ಬರೋ ಗಾಡಿ ಆ ಸೆಕೆಂಡಲ್ಲಿ 11 ಮೀಟರ್, ಆಮೇಲೆ ಬ್ರೇಕಲ್ಲಿ 9 ಮೀಟರ್, ಒಟ್ಟು 20 ಮೀಟರ್‌ಗೆ ನಿಲ್ಲುತ್ತೆ. 60ರಲ್ಲಿ ಬರೋದು? ಬ್ರೇಕ್ ಹಿಡಿಯೋ ಮುಂಚೆನೇ 16-17 ಮೀಟರ್ ಹೋಗಿರುತ್ತೆ, ಪೂರ್ತಿ ನಿಲ್ಲೋಕೆ 36 ಬೇಕು. ಇಲ್ಲಿ ಎಲ್ಲರೂ ಮರೆಯೋದು ಏನಂದ್ರೆ, 20 ಮೀಟರ್ ದೂರದಲ್ಲಿ ಆ ಲೈಟಿಲ್ಲದ ಲಾರಿ ಕಂಡ್ರೆ 40ರೋನು ಅದಕ್ಕೆ ತಾಗೋ ಹಂಗೆ ನಿಂತ್ಕೋತಾನೆ, 60ರೋನು ಅಲ್ಲಿಗೆ ಬರೋವಾಗ ಇನ್ನೂ 55ರಲ್ಲಿ ಇರ್ತಾನೆ. ಬರೀ 20 ಜಾಸ್ತಿ ಅಲ್ವಾ ಅಂತಾರೆ, ಆ 20ರಲ್ಲಿ ಒಬ್ಬ ಮನೆಗೆ ಬರ್ತಾನೆ ಒಬ್ಬ ಬರಲ್ಲ.

ಜನ ಸರಿ ಇಲ್ಲ ಸಾರ್, ನಮ್ಮ ಜನಕ್ಕೆ ಸಿವಿಕ್ ಸೆನ್ಸ್ ಇಲ್ಲ ಅಂತ ಇದನ್ನ ಓದಿದ ತಕ್ಷಣ ಹತ್ತು ಜನ ಹೇಳ್ತಾರೆ. ಎಫ್‌ಐಆರ್‌ನಲ್ಲೂ ಅದೇ, "ಅತಿವೇಗ ಮತ್ತು ಅಜಾಗರೂಕತೆಯಿಂದ ಚಾಲನೆ ಮಾಡಿಕೊಂಡು ಬಂದು" ಅಂತ ಅಚ್ಚು ಹಾಕಿದಂಗೆ ಬರೀತಾರೆ, ಅಲ್ಲಿಗೆ ಕಾರಣ ಹುಡುಕೋ ಕೆಲಸ ಮುಗೀತು. ರೋಡ್ ಮಾಡಿದೋರ ಹೆಸರು ಅಲ್ಲಿ ಬರೋದು ಅಪರೂಪ. 2019ರ ಮೋಟಾರು ವಾಹನ ತಿದ್ದುಪಡೀಲಿ 198ಎ ಅಂತ ಒಂದು ಸೆಕ್ಷನ್ ತಂದ್ರು, ರಸ್ತೆ ಮಾನದಂಡ ಪಾಲಿಸದೆ ಜನಕ್ಕೆ ಜೀವ ಹಾನಿ ಆದ್ರೆ ಕಂಟ್ರಾಕ್ಟರ್‌ಗೋ ಇಲಾಖೆಗೋ 1 ಲಕ್ಷದವರೆಗೂ ದಂಡ. ಒಂದು ಜೀವಕ್ಕೆ ಒಂದು ಲಕ್ಷ, ಅದೂ ಹೆಚ್ಚೆಂದ್ರೆ. ಇರ್ಲಿ.

ಜನ ಸರಿ ಇಲ್ಲ ಅನ್ನೋರಿಗೆ ನಾನು ಮೈಸೂರು ಹೈವೇ ಕಥೆ ಹೇಳ್ತೀನಿ. 2023ರ ಮಾರ್ಚಲ್ಲಿ ಬೆಂಗಳೂರು-ಮೈಸೂರು ಹತ್ತು ಪಥದ ರೋಡು ಉದ್ಘಾಟನೆ ಆಯ್ತು. 120 ಕಿಲೋಮೀಟರ್ ಹತ್ರ ಇದೆ, ನುಣ್ಣಗೆ ಮಾಡಿದ್ರು, ಎಲ್ಲರೂ ಖುಷಿ, ಒಂದೂವರೆ ಗಂಟೆಗೆ ಮೈಸೂರು ಅಂತ ರೀಲ್ಸ್ ಹಾಕಿದ್ರು. ಆಮೇಲೆ ಹೆಣ ಬೀಳೋಕೆ ಶುರು, ಆ ವರ್ಷ 180ಕ್ಕೂ ಮೇಲೆ ಜನ ಹೋದ್ರು. 2023ರ ಆಗಸ್ಟ್ 1ರಿಂದ ಬೈಕು, ಆಟೋ, ಟ್ರಾಕ್ಟರ್‌ನ ಮೇನ್ ರೋಡಿಗೆ ಬಿಡೋದು ನಿಲ್ಲಿಸಿ ಸರ್ವಿಸ್ ರೋಡಿಗೆ ಕಳಿಸಿದ್ರು. ಅಲೋಕ್ ಕುಮಾರ್ ಆಗ ಸಂಚಾರ ವಿಭಾಗದ ಎಡಿಜಿಪಿ, ಅವರು ಸ್ಪೀಡ್ ರಾಡಾರ್ ಹಾಕ್ಸಿದ್ರು, ಆಮೇಲೆ ಕ್ಯಾಮೆರಾ ಬಂತು, 100 ದಾಟಿದ್ರೆ ಮೊಬೈಲ್‌ಗೆ ದಂಡದ ಮೆಸೇಜು. 2024ರಲ್ಲಿ ಸಾವು 50ರ ಹತ್ರಕ್ಕೆ ಬಂತು. ಅದೇ ರಾಮನಗರ, ಅದೇ ಮದ್ದೂರು ಮಂಡ್ಯ, ಅದೇ ಡ್ರೈವರ್‌ಗಳು, ಒಂದೇ ವರ್ಷದಲ್ಲಿ ಎಲ್ಲರಿಗೂ ಸಿವಿಕ್ ಸೆನ್ಸ್ ಬಂದ್ಬಿಡ್ತಾ? ವೇಗ ಇಳೀತು, ಜೋರಾಗಿ ಹೋಗೋ ಗಾಡೀನೂ ಮೆಲ್ಲಗೆ ಹೋಗೋ ಗಾಡೀನೂ ಬೇರೆ ಬೇರೆ ಆಯ್ತು, ಅಷ್ಟೇ ನಡೆದಿದ್ದು. ಪಕ್ಕದ ತಮಿಳುನಾಡೂ ಹಂಗೇ, 2016ರಲ್ಲಿ 17 ಸಾವಿರ ದಾಟಿದ್ದ ಸಾವನ್ನ 2019ಕ್ಕೆ 10,500ರ ಆಸುಪಾಸಿಗೆ ತಂದ್ರು, ಆಕ್ಸಿಡೆಂಟ್ ಜಾಸ್ತಿ ಆಗೋ ಜಾಗ ಹುಡುಕಿ ಸರಿ ಮಾಡಿದ್ರು, ಅಂಥ ಕಡೆ 108 ಆಂಬುಲೆನ್ಸ್ ನಿಲ್ಲಿಸಿದ್ರು.

ಸಿಟಿ ಒಳಗೂ ಇದನ್ನೇ ಮಾಡ್ಬೇಕು, ಆದ್ರೆ ಇಲ್ಲಿ ಕ್ಯಾಮೆರಾಗಳು ಮುಖ್ಯವಾಗಿ ಹಗಲಿನ ಸಿಗ್ನಲ್ ಜಂಪು, ಹೆಲ್ಮೆಟ್ಟು, ನೋ ಪಾರ್ಕಿಂಗ್ ಹಿಡಿಯೋದ್ರಲ್ಲೇ ಇದಾವೆ ಅನ್ನೋದು ನನ್ನ ದೂರು. ರಾತ್ರಿ ಹತ್ತರಿಂದ ಬೆಳಗ್ಗೆ ಆರರವರೆಗೆ ರಿಂಗ್ ರೋಡು, ಬಳ್ಳಾರಿ ರೋಡು, ತುಮಕೂರು ರೋಡು, ಹೊಸೂರು ರೋಡಲ್ಲಿ ವೇಗ ಹಿಡೀಬೇಕು. ಊರಾಚೆ ಟೋಲ್ ಕೊಟ್ಟು ಹೋಗೋ ನೈಸ್ ರೋಡಲ್ಲಿ 2022ರಿಂದ ರಾತ್ರಿ ಹತ್ತರ ಮೇಲೆ ಟೂವೀಲರ್ ಬಿಡಲ್ಲ, ಅದು ಒಳ್ಳೇದೇ. ಆದ್ರೆ ಅಲ್ಲಿ ಬಿಡದೇ ಇರೋ ಹುಡುಗರು ಎಲ್ಲಿ ಹೋಗ್ತಾರೆ, ನಿಮ್ಮ ಮಗನ ಥರ ರಿಂಗ್ ರೋಡಿಗೇ ಬರ್ತಾರೆ, ಅಲ್ಲಿ ಏನಿದೆ ಕಾಪಾಡೋಕೆ?

ಹಂಪ್ ಹಾಕ್ಸಿ ಅಂತೀರೇನೋ. ಹಂಪಿಗೂ ಲೆಕ್ಕ ಇದೆ, 10 ಸೆಂಟಿಮೀಟರ್ ಎತ್ತರ, 3.7 ಮೀಟರ್ ಅಗಲ, ಮೇಲೆ ಬಿಳಿ ಪಟ್ಟಿ, ಮುಂಚೆ ಬೋರ್ಡು. ನಮ್ಮ ಲೇಔಟಲ್ಲಿ ಯಾರೋ ಮನೆ ಕಟ್ಟಿ ಉಳಿದ ಕಾಂಕ್ರೀಟಲ್ಲಿ ರಾತ್ರೋರಾತ್ರಿ ಒಂದು ದಿಣ್ಣೆ ಮಾಡಿದ್ರು, ಬೆಳಗ್ಗೆ ಹಾಲಿಗೆ ಹೋದ ನಾನೇ ಸ್ಕೂಟರ್ ಸಮೇತ ಬಿದ್ದೆ, ಮೂರು ವಾರ ಕೈಗೆ ಪಟ್ಟಿ. ರಸ್ತೆ ಸುರಕ್ಷತೆ ತಜ್ಞರು ಹಂಪಲ್ಲಿ ಬಿದ್ರು ಅಂತ ಮನೇಲಿ ಇವತ್ತಿಗೂ ನಗ್ತಾರೆ. ಹಂಪು ಒಳಗಿನ ರೋಡಿಗೆ ಸರಿ, ರಿಂಗ್ ರೋಡಂಥ ಕಡೆಗಲ್ಲ.

ಹೆಲ್ಮೆಟ್ ಸಾಕಾ ಅಂದ್ರಲ್ಲ. ಸಾಕಾಗಲ್ಲ, ಆದ್ರೆ ಅದಿಲ್ದೆ ಬೇರೆ ಏನೂ ಪ್ರಯೋಜನ ಇಲ್ಲ. ಸರಿಯಾದ ಹೆಲ್ಮೆಟ್ ಸರಿಯಾಗಿ ಹಾಕಿದ್ರೆ ಸಾಯೋ ಸಾಧ್ಯತೆ ನೂರಕ್ಕೆ 40ರಷ್ಟು ಇಳಿಯುತ್ತೆ ಅಂತ ಎಷ್ಟೋ ದೇಶಗಳ ಅಧ್ಯಯನ ಸೇರಿಸಿ ನೋಡಿದಾಗ ಬಂದ ಲೆಕ್ಕ. 2022ರಲ್ಲಿ ದೇಶದಲ್ಲಿ ಹೆಲ್ಮೆಟ್ ಇಲ್ದೆ ಸತ್ತೋರು 50 ಸಾವಿರ. ನೀವು ಇವತ್ತೇ ಅವನ ಹೆಲ್ಮೆಟ್ ಎತ್ತಿ ನೋಡಿ. ಐಎಸ್‌ಐ ಗುರುತು ಇದ್ಯಾ, ಕಿವಿ ಗಲ್ಲ ಮುಚ್ಚುತ್ತಾ ಇಲ್ಲಾ ಬರೀ ಟೋಪಿ ಥರದ್ದಾ, ಸ್ಟ್ರಾಪ್ ಲಾಕ್ ಟಕ್ ಅನ್ನುತ್ತಾ. ಸ್ಟ್ರಾಪ್ ಹಾಕದ ಹೆಲ್ಮೆಟ್ ಬೀಳೋವಾಗ ತಲೆಗಿಂತ ಮುಂಚೆ ಅದೇ ಹಾರಿ ಹೋಗುತ್ತೆ. ಒಂದು ಸಲ ಜೋರಾಗಿ ಬಿದ್ದಿದ್ರೆ ನೋಡೋಕೆ ಚೆನ್ನಾಗಿದ್ರೂ ಎಸೀರಿ. ಮುಂದಿನ ಗ್ಲಾಸು ಗೀಚು ಬಿದ್ದಿದ್ರೆ ರಾತ್ರಿ ಎದುರಿನ ಲೈಟು ಒಡೆದು ಹರಡುತ್ತೆ, ಏನೂ ಕಾಣಲ್ಲ, ಗ್ಲಾಸ್ ಬದಲಾಯಿಸೋಕೆ ನಾನೂರು ಐನೂರು ರೂಪಾಯಿ ಆಗಬಹುದು. ಬೈಕ್ 125 ಸಿಸಿ ಮೇಲಿನ ಹೊಸದಾದ್ರೆ ಎಬಿಎಸ್ ಇರುತ್ತೆ, ಅಂದ್ರೆ ಜೋರಾಗಿ ಬ್ರೇಕ್ ಹಿಡಿದಾಗ ಚಕ್ರ ಲಾಕ್ ಆಗಿ ಜಾರದ ಹಂಗೆ ನೋಡ್ಕೊಳ್ಳೋ ವ್ಯವಸ್ಥೆ, ಹಳೇದಾದ್ರೆ ಟೈರ್ ಸವೆದಿದ್ಯಾ ನೋಡ್ಸಿ.

ಆಮೇಲೆ ಆಫೀಸಲ್ಲಿ ರಾತ್ರಿ ಕ್ಯಾಬ್ ಇದ್ಯಾ ಕೇಳೋಕೆ ಹೇಳಿ, ಗಂಡು ಹುಡುಗರು ಕೇಳೋಕೆ ನಾಚ್ಕೋತಾರೆ. ಇಲ್ಲಾಂದ್ರೆ ಅರ್ಧ ದಾರಿ ಆದ್ರೂ ಬೇರೆ ವ್ಯವಸ್ಥೆ ಆಗುತ್ತಾ ನೋಡ್ಲಿ. ಬೈಕಲ್ಲೇ ಬರೋದಾದ್ರೆ ಮುಕ್ಕಾಲು ಗಂಟೆ ಬದಲು ಒಂದು ಗಂಟೆ ತಗೊಳ್ಳಲಿ. 27 ಕಿಲೋಮೀಟರ್‌ಗೆ ಹದಿನೈದು ನಿಮಿಷ ಜಾಸ್ತಿ ಅಷ್ಟೇ, ಖಾಲಿ ಕಡೆ 70ರ ಬದಲು 45-50.

ದೇವರು ಹಂಗೆ ಮಾಡದಿರ್ಲಿ, ಆದ್ರೂ ಗೊತ್ತಿರ್ಲಿ ಅಂತ ಹೇಳ್ತೀನಿ. ರೋಡಲ್ಲಿ ಬಿದ್ದೋರನ್ನ ಆಸ್ಪತ್ರೆಗೆ ಸೇರಿಸಿದೋರನ್ನ ಪೊಲೀಸ್ರು ಹೆಸರು ವಿಳಾಸ ಕೊಡು ಅಂತ ಬಲವಂತ ಮಾಡೋ ಹಂಗಿಲ್ಲ, ಕಾನೂನೇ ರಕ್ಷಣೆ ಕೊಡುತ್ತೆ, ಮಗನಿಗೂ ಹೇಳಿ, ಯಾರಾದ್ರೂ ಬಿದ್ದಿದ್ರೆ ನಿಲ್ಲಿಸಲಿ. 2025ರ ಮೇ ತಿಂಗಳಿಂದ ಗಾಯಾಳುಗೆ ಏಳು ದಿನದವರೆಗೆ ಒಂದೂವರೆ ಲಕ್ಷದವರೆಗೂ ನಗದುರಹಿತ ಚಿಕಿತ್ಸೆ ಕೇಂದ್ರದ ಯೋಜನೇಲಿ ಇದೆ. ಗುದ್ದಿದ ಗಾಡಿ ಸಿಗದೇ ಹೋದ್ರೂ, ಅಂದ್ರೆ ಹಿಟ್ ಅಂಡ್ ರನ್ ಆದ್ರೂ, ಸಾವಿಗೆ 2 ಲಕ್ಷ, ದೊಡ್ಡ ಗಾಯಕ್ಕೆ 50 ಸಾವಿರ ಪರಿಹಾರ ಇದೆ, ಎಷ್ಟೋ ಮನೆಯೋರು ಗೊತ್ತಿಲ್ದೆ ಅರ್ಜಿನೇ ಹಾಕಲ್ಲ.

ಕೊನೇದಾಗಿ, ಅಮ್ಮಾ, ಬೇಜಾರು ಮಾಡ್ಕೋಬೇಡಿ. ಮಧ್ಯೆ ಒಂದೆರಡು ಸಲ ಫೋನ್ ಮಾಡ್ತೀನಿ ಅಂದ್ರಲ್ಲ, ನಾಳೆಯಿಂದ ಮಾಡ್ಬೇಡಿ. ಅಮ್ಮನ ಫೋನು ಅಂದ್ರೆ ಯಾವ ಮಗನೂ ಎತ್ತದೇ ಇರಲ್ಲ, ಹೆಲ್ಮೆಟ್ ಒಳಗೆ ತೂರಿಸ್ಕೊಂಡೋ ಒಂದು ಕೈಲಿ ಹಿಡ್ಕೊಂಡೋ ಮಾತಾಡ್ತಾನೆ, ಎತ್ತದೇ ಇದ್ರೂ ಜೇಬಲ್ಲಿ ಅದು ಹೊಡ್ಕೊಳ್ತಿದ್ರೆ ಅವನ ಗಮನ ರೋಡ್ ಮೇಲೆ ಇರಲ್ಲ, ಅಮ್ಮ ಕಾಯ್ತಿದಾಳೆ ಅಂತ ಇನ್ನೊಂದು ಹತ್ತು ಜಾಸ್ತಿ ಮಾಡ್ತಾನೆ. ಆಫೀಸ್ ಬಿಡೋವಾಗ "ಹೊರಟೆ" ಅಂತ ಒಂದು ಮೆಸೇಜ್ ಹಾಕೋಕೆ ಹೇಳಿ. ಅಲ್ಲಿಂದ ಒಂದು ಗಂಟೆ ಫೋನು ಅಡುಗೆಮನೇಲಿ ಇಟ್ಟು ಬಂದು ಕೂತ್ಕೊಳ್ಳಿ.